ಎರಡು ವ್ಯವಸಾಯ, ಒಂದೇ ಲೇಖನಿ
(ಸಂಘದ ವಾರ್ಷಿಕೋತ್ಸವದಂದು ಆಲಸನತ್ತಂನಲ್ಲಿ ಮಾಡಿದ ಭಾಷಣ)



ಕನ್ನಡದಲ್ಲಿ 'ವ್ಯವಸಾಯ' ಎಂಬ ಮಾತಿಗೆ ಎರಡರ್ಥವುಂಟು. ನೇಗಿಲು ಹಿಡಿದವನ ಬೇಸಾಯವೂ ವ್ಯವಸಾಯವೇ. ವಕೀಲನ, ವೈದ್ಯನ, ಪತ್ರಿಕಾಕರ್ತನ ವೃತ್ತಿಯೂ ವ್ಯವಸಾಯವೇ. ಈ ಎರಡರ್ಥವನ್ನೂ ತಮ್ಮ ಬಾಳಿನಲ್ಲಿ ಕೂಡಿಸಿಕೊಂಡ ಒಬ್ಬ ಗಡಿನಾಡ ಕನ್ನಡಿಗರನ್ನು ಕುರಿತು ನಾವು ಇಂದು ನಾಲ್ಕು ಮಾತು ಹೇಳಬಯಸುತ್ತೇವೆ. ಅವರು ಕಾಸರಗೋಡು ಜಿಲ್ಲೆಯ ಶ್ರೀ ಪಡ್ರೆಯವರು. ಇಲ್ಲಿ 'ಶ್ರೀ' ಎಂಬುದು ಬರಿಯ ಗೌರವಸೂಚಕವಲ್ಲ, ಅವರು ಬರೆಯುವ ಹೆಸರಿನ ಭಾಗವೇ ಆಗಿದೆ. ಪಡ್ರೆ ಎಂಬುದು ಅವರ ಊರು.

ಒಂದು ಕಾಲದಲ್ಲಿ ಹೊಸೂರೂ ಕಾಸರಗೋಡೂ ಒಂದೇ ಮದರಾಸು ರಾಜ್ಯದಲ್ಲಿದ್ದವು. ನಾವು ಸೇಲಂ ಜಿಲ್ಲೆಯವರು, ಅವರು ದಕ್ಷಿಣ ಕನ್ನಡ ಜಿಲ್ಲೆಯವರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವರು ಕೇರಳಕ್ಕೆ ಸೇರಿದರು, ನಾವು ಮದರಾಸಿನಲ್ಲೇ ಉಳಿದೆವು. ಮನೆಯ ಮಾತು ಒಂದು, ಕಛೇರಿಯ ಮಾತು ಇನ್ನೊಂದು ಎಂಬ ಸ್ಥಿತಿ ಇಬ್ಬರಿಗೂ ಬಂದಿತು. ಆದುದರಿಂದ ಅಲ್ಲಿಯ ಕಥೆ ನಮಗೆ ಪರರ ಕಥೆಯಲ್ಲ.

ಪಡ್ರೆ ಗ್ರಾಮವು ಎಣ್ಮಕಜೆ ಪಂಚಾಯತಿಗೆ ಸೇರಿದ ಗುಡ್ಡಗಾಡು ಪ್ರದೇಶ. ಕನ್ನಡ, ತುಳು ಆಡುವ ಕೃಷಿಕರು ಅಲ್ಲಿ ಹೆಚ್ಚು. ಗುಡ್ಡದ ಮೇಲ್ಭಾಗದಲ್ಲಿ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳು. ತಗ್ಗಿನಲ್ಲಿ ಜನರ ಮನೆ, ಅಡಿಕೆ ತೋಟ, ನೀರಿನ ತೊರೆ. ಗೇರಿನ ಎಳೆ ಚಿಗುರಿನ ರಸ ಹೀರುವ 'ಟೀ ಸೊಳ್ಳೆ' ಎಂಬ ಕೀಟವನ್ನು ಕೊಲ್ಲಲು, 1970ರ ದಶಕದ ಉತ್ತರಾರ್ಧದಿಂದ ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನ್ ಎಂಬ ವಿಷವನ್ನು ಸಿಂಪಡಿಸತೊಡಗಿದರು. ಮೇಲೆ ಬಿದ್ದುದು ಕೆಳಕ್ಕೆ ಹರಿಯದೆ ಇದ್ದೀತೆ?

ಸಸ್ಯಶಾಸ್ತ್ರದ ಪದವೀಧರರೂ ಕೃಷಿಕರೂ ಆದ ಶ್ರೀ ಪಡ್ರೆಯವರು ಆಗ ತರುಣರು. ಸುತ್ತಲಿನ ಕೊಟ್ಟಿಗೆಗಳಲ್ಲಿ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟುತ್ತಿದ್ದವು. ಅನೇಕರು ಇದನ್ನು ಹಣೆಯ ಬರಹವೆಂದು ಸುಮ್ಮನಾಗುವ ಕಾಲದಲ್ಲಿ, ಅವರು ಕರುವನ್ನೂ ಹೆಲಿಕಾಪ್ಟರನ್ನೂ ಜೊತೆಗಿಟ್ಟು ಪ್ರಶ್ನೆ ಕೇಳಿದರು. 1979ರಲ್ಲಿ ಆ ಪ್ರಶ್ನೆಯನ್ನು ಪತ್ರಿಕೆಯಲ್ಲಿ ಬರೆದರು. ಎಂಡೋಸಲ್ಫಾನಿನ ಕೇಡನ್ನು ಕುರಿತು ಆ ನಾಡಿನಿಂದ ಹೊರಬಂದ ಮೊದಲ ವರದಿ ಅದೆಂದು ಪರಿಗಣಿತವಾಗಿದೆ. ಅವರ ಬೆನ್ನ ಹಿಂದೆ ದೊಡ್ಡ ಸಂಸ್ಥೆಯಿರಲಿಲ್ಲ. ಇದ್ದುದು ಕಣ್ಣು, ಲೇಖನಿ ಮತ್ತು ಆ ಊರಿನಲ್ಲೇ ವಾಸ.

ವರದಿ ಅಚ್ಚಾದೊಡನೆ ಅನ್ಯಾಯ ನಿಂತುಹೋಗುವುದೆಂದು ಭಾವಿಸುವವರು ಮುಂದಿನ ವರ್ಷಗಳನ್ನು ಎಣಿಸಬೇಕು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ವ್ಯಾಧಿಗಳನ್ನು 1990ರ ದಶಕದಲ್ಲಿ ಲೋಕದ ಗಮನಕ್ಕೆ ತಂದರು. ಕೃಷಿ ಇಲಾಖೆಯ ಸಾಮಾನ್ಯ ಉದ್ಯೋಗಿ ಲೀಲಾಕುಮಾರಿ ಅಮ್ಮನವರು 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ವಿಮಾನ ಸಿಂಪಡಣೆ ನಿಂತದ್ದು 2000ದ ಕೊನೆಯಲ್ಲಿ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಹಾಲು, ಮನುಷ್ಯರ ರಕ್ತಗಳನ್ನು ಪರೀಕ್ಷಿಸಿ ವಿಷದ ಶೇಷವನ್ನು ತೋರಿಸಿತು. ವಾದವಿವಾದಗಳು ಬಹುಕಾಲ ನಡೆದವು. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಮೊದಲ ವರದಿಯಿಂದ ಸಿಂಪಡಣೆ ನಿಲ್ಲುವವರೆಗೆ 21 ವರ್ಷ! ಅಷ್ಟರಲ್ಲಿ ಒಂದು ತಲೆಮಾರಿನ ಮಕ್ಕಳು ಹುಟ್ಟಿ ಬೆಳೆದಿದ್ದರು. ಹುಟ್ಟಿಯೂ ಬೆಳೆಯಲಾರದೆ ಹೋದವರ ತಾಯಂದಿರ ದುಃಖವನ್ನು ಯಾವ ಮೊತ್ತ ತೀರಿಸೀತು?

ಇಷ್ಟು ಕಂಡ ಲೇಖನಿ ಕಹಿಯಾಗಿಬಿಡುವುದು ಸಹಜ. ಆದರೆ ಶ್ರೀ ಪಡ್ರೆಯವರ ಲೇಖನಿ ಇನ್ನೊಂದು ಹೊಲಕ್ಕೆ ಇಳಿಯಿತು. 1980ರ ದಶಕದಲ್ಲಿ ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದರು. 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಹೊರಟಿತು; ಅವರು ಅದರ ಸಂಪಾದಕತ್ವ ವಹಿಸಿದರು. ಕೃಷಿಕರ ಕೈಗೆ ಲೇಖನಿ ಎಂಬುದು ಅದರ ಧ್ಯೇಯ. ರೈತನಿಗೆ ಪಂಡಿತರು ಉಪದೇಶಿಸುವ ಬದಲು, ಒಬ್ಬ ರೈತನು ಮಾಡಿ ನೋಡಿದುದನ್ನು ಇನ್ನೊಬ್ಬ ರೈತನು ಓದಲಿ ಎಂಬುದು ಅಲ್ಲಿನ ರೀತಿ. ಲೇಖನದೊಡನೆ ಆ ಕೃಷಿಕನನ್ನು ಸಂಪರ್ಕಿಸುವ ವಿವರವನ್ನೂ ಕೊಡುವರು. ಸಂದೇಹವಿದ್ದವರು ಕೇಳಿ, ಹೋಗಿ ನೋಡಿ, ನಿಜವನ್ನು ತಿಳಿಯಬಹುದು.

ಅಲ್ಲಿಂದ ಮುಂದೆ ಅವರು ನೀರನ್ನು ಹುಡುಕುತ್ತ ಹೊರಟರು. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆಯುವ ಸುರಂಗಗಳು, ಅವುಗಳೊಳಗಿನಿಂದ ಯಂತ್ರದ ನೆರವಿಲ್ಲದೆ ಹರಿದುಬರುವ ನೀರು, ಮಳೆನೀರನ್ನು ಇಂಗಿಸುವ ನಾನಾ ಕ್ರಮಗಳು, ಇವೆಲ್ಲವನ್ನೂ ಬರೆದರು. ಬಳಿಕ, ಮರದಡಿಯಲ್ಲಿ ಕೊಳೆತುಹೋಗುತ್ತಿದ್ದ ಹಲಸಿನ ಹಣ್ಣಿಗೆ ಬೆಲೆ ತರಲು ಹಲವು ವರ್ಷ ಬರೆದರು. 2018ರ ಮಾರ್ಚ್ 21ರಂದು ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ನಮ್ಮ ತಮಿಳುನಾಡಿಗೂ ಹಲಸೇ ರಾಜ್ಯದ ಹಣ್ಣೆಂಬುದನ್ನು ಮಕ್ಕಳು ನೆನಪಿಡಲಿ.

ಕೇಡನ್ನು ಬಯಲಿಗೆಳೆಯುವ ವ್ಯವಸಾಯದಿಂದ ಒಳಿತನ್ನು ಹರಡುವ ವ್ಯವಸಾಯಕ್ಕೆ ಅವರು ಬಂದರೆಂದು ಯಾರಾದರೂ ಹೇಳಬಹುದು. ನಮಗೆ ತೋರುವಂತೆ, ಬದಲಾದದ್ದು ವಿಷಯ ಮಾತ್ರ. ಸ್ಥಳಕ್ಕೆ ಹೋಗುವುದು, ಕಣ್ಣಾರೆ ನೋಡುವುದು, ಅನುಭವಿಸಿದವನನ್ನೇ ಕೇಳುವುದು, ಕೇಳಿದುದನ್ನು ಅಳೆದು ತೂಗಿ ಬರೆಯುವುದು: ಕರುವಿನ ಕಾಲನ್ನು ನೋಡಿದ ಈ ಶಿಸ್ತೇ ಸುರಂಗದ ನೀರನ್ನೂ ಹಲಸಿನ ತೊಳೆಯನ್ನೂ ನೋಡಿತು.

ಇನ್ನು ನಮ್ಮ ಮಾತು. ದಕ್ಷಿಣ ಪಿನಾಕಿನಿಯು ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೆಂಗಳೂರಿನ ಕಡೆಯ ಕೊಳಚೆಯನ್ನು ಹೊತ್ತುಕೊಂಡು ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಈಚಿನ ವರ್ಷಗಳಲ್ಲಿ ಅಲ್ಲಿ ಮತ್ತೆ ಮತ್ತೆ ಬೆಳ್ಳನೆಯ ನೊರೆ ಎದ್ದುದನ್ನು ನಾವೆಲ್ಲರೂ ಬಲ್ಲೆವು. ಎರಡು ರಾಜ್ಯಗಳ ನಡುವೆ ಹರಿಯುವ ನೀರಿಗೆ ಹೊಣೆಗಾರರು ಯಾರೆಂದು ಕೇಳಿದರೆ ಗಡಿಯ ಆಚೆಗೂ ಈಚೆಗೂ ಬೆರಳು ತೋರಿಸುವರು. ಆ ನೀರು ಹಾಯುವ ಹೊಲಗಳೋ ನಮ್ಮವು. ಗುಲಾಬಿ ತೋಟಗಳಲ್ಲಿಯೂ ತರಕಾರಿ ಹೊಲಗಳಲ್ಲಿಯೂ ಔಷಧ ಹೊಡೆಯುವವರು ನಮ್ಮ ಮನೆಯ ಮಕ್ಕಳೇ.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹ. ಒಂದು ನೋಟುಪುಸ್ತಕ ತೆಗೆದುಕೊಳ್ಳಿರಿ. ಯಾವ ದಿನ ನೊರೆ ಎದ್ದಿತು, ಯಾವ ಬೆಳೆ ಬಾಡಿತು, ಯಾವ ದನ ಗೊಡ್ಡಾಯಿತು, ಯಾವ ಔಷಧವನ್ನು ಎಷ್ಟು ಹೊಡೆದರು ಎಂಬುದನ್ನು ತಾರೀಖು ಸಹಿತ ಬರೆದಿಡಿರಿ. ಊಹೆಯನ್ನು ಬೆರೆಸಬೇಡಿರಿ. ಮನೆಮಾತಾದ ಕನ್ನಡದಲ್ಲಿ ಬರೆಯಿರಿ. ಕಛೇರಿಗೆ ಒಯ್ಯಬೇಕಾದಾಗ ತಮಿಳಿನಲ್ಲಿಯೂ ಬರೆಯಲು ಕಲಿಯಿರಿ. ಮುಂದೆ ನೀವು ವೈದ್ಯರಾಗಿರಿ, ಗುಮಾಸ್ತರಾಗಿರಿ, ಕಾರ್ಖಾನೆಯ ಕೆಲಸಗಾರರಾಗಿರಿ, ಬೇಸಾಯಗಾರರೇ ಆಗಿರಿ, ಆ ಪುಸ್ತಕವನ್ನು ಮಾತ್ರ ಕೈಬಿಡದಿರಿ. ಪಡ್ರೆಯ ಜನ 21 ವರ್ಷ ಕಾದರು. ನಾವು ಬೇಗನೆ ಬರೆಯಲು ತೊಡಗಿದರೆ ನಮ್ಮ ಮಕ್ಕಳು ಅಷ್ಟು ಕಾಲ ಕಾಯಬೇಕಾಗಲಾರದು.