ಅಂಗಡಿಯ ಗಲ್ಲಾ, ಮನೆಯ ಖರ್ಚು
(ರಜತ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಅಢಾವೆ ಪತ್ರಿಕೆಯನ್ನು ನಾವೆಲ್ಲ ಪ್ರತಿವರ್ಷ ಮಹಾಸಭೆಯಲ್ಲಿ ಓದಿಸಿ, ಪ್ರಶ್ನೆ ಕೇಳಿ ಮಂಜೂರು ಮಾಡ್ತೀವಿ. ಆದರೆ ಸ್ವಂತ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ ನಡೆಸುವವರಲ್ಲಿ ತಮ್ಮ ಅಢಾವೆ ತಾವು ಬರೆಯುವವರು ಕಡಿಮೆ. ಗಲ್ಲಾದಲ್ಲಿ ದುಡ್ಡಿದ್ದರೆ ಲಾಭ ಅಂತಲೇ ಎಣಿಕೆ.

ಒಬ್ಬರೇ ಮಾಲೀಕರಾದ ವ್ಯಾಪಾರದಲ್ಲಿ ಕಾನೂನಿನ ಪ್ರಕಾರ ಅಂಗಡಿ ಬೇರೆ, ಮಾಲೀಕ ಬೇರೆ ಅಲ್ಲ. ಅಂಗಡಿಯ ಸಾಲಕ್ಕೆ ಸ್ವಂತ ಆಸ್ತಿಯೂ ಹೊಣೆ. ಆದಕಾರಣವೇ ಪುಸ್ತಕದಲ್ಲಿ ಎರಡನ್ನೂ ಬೇರೆ ಇಡಬೇಕು.

ಒಂದು ಕಿರಾಣಿ ಅಂಗಡಿ ಅಂತ ಇಟ್ಟುಕೊಳ್ಳೋಣ. ಮೊದಲಿನ ಬಂಡವಾಳ 80,000 ರೂಪಾಯಿ. ವರ್ಷದ ಮಾರಾಟ, ಉದ್ರಿಯೂ ಸೇರಿ, 4,20,000. ಆರಂಭದ ದಾಸ್ತಾನು 40,000. ಖರೀದಿ, ಮನೆಗೆ ಒಯ್ದ ಮಾಲು ಕಳೆದು, 3,60,000. ವರ್ಷದ ಕೊನೆಗೆ ಉಳಿದ ದಾಸ್ತಾನು 50,000. ಅಂದರೆ ಮಾರಿದ ಮಾಲಿನ ಅಸಲು 3,50,000, ಒಟ್ಟು ಲಾಭ 70,000. ಇದರಲ್ಲಿ ಬಾಡಿಗೆ 12,000, ಕರೆಂಟು 3,000, ಸಾಗಾಟ 5,500, ಸಾಲದ ಬಡ್ಡಿ 1,500, ಫ್ರಿಜ್ಜಿನ ಸವಕಳಿ 2,000 ಕಳೆದರೆ ನಿವ್ವಳ ಲಾಭ 46,000. ಸಾಲದ ಅಸಲು ಕಟ್ಟಿದ್ದು ಖರ್ಚಲ್ಲ, ಸಾಲ ಬಂದದ್ದು ಆದಾಯವೂ ಅಲ್ಲ. ಇಲ್ಲಿ ಬಹಳ ಜನ ಎಡವ್ತಾರೆ.

ಲಾಭ ಬಂತಲ್ಲ, ಸಂತೋಷ. ಆದರೆ ಅದೇ ವರ್ಷ ಗಲ್ಲಾದಿಂದ ಮನೆಗೆ ಹೋದದ್ದು ಎಷ್ಟು? ಅಕ್ಕಿ, ಎಣ್ಣೆ, ಮಕ್ಕಳ ಫೀಜು, ಮದುವೆ ಮುಯ್ಯಿ ಎಲ್ಲ ಸೇರಿ 60,000. ಇದು ಅಂಗಡಿಯ ಖರ್ಚಲ್ಲ, ಮಾಲೀಕರು ತೆಗೆದುಕೊಂಡ ಹಣ. ಈಗ ಬಂಡವಾಳ 66,000ಕ್ಕೆ ಇಳಿಯಿತು. ಲಾಭದ ಅಂಗಡಿಯೇ 14,000 ಕರಗಿತು!

ಅಢಾವೆ ಇದನ್ನು ಬಿಚ್ಚಿ ತೋರಿಸ್ತದೆ. ಆಸ್ತಿ ಕಡೆ: ದಾಸ್ತಾನು 50,000, ಉದ್ರಿ ಬಾಕಿ 30,000, ನಗದು 8,000, ಫ್ರಿಜ್ಜು ಮತ್ತು ಕಪಾಟು 18,000, ಒಟ್ಟು 1,06,000. ಜವಾಬ್ದಾರಿ ಕಡೆ: ಸಗಟು ವ್ಯಾಪಾರಿಗೆ ಕೊಡಬೇಕಾದದ್ದು 25,000, ಸಾಲ 15,000, ಬಂಡವಾಳ 66,000. ಅದೂ 1,06,000. ಕೊಡಬೇಕಾದದ್ದು 40,000, ಕೈಯಲ್ಲಿರೋದು 8,000. ಉದ್ರಿ ವಸೂಲಾಗದಿದ್ದರೆ ಸಗಟು ವ್ಯಾಪಾರಿ ಮುಂದಿನ ಮಾಲು ಕೊಟ್ಟಾನೇ?

ಇಷ್ಟಕ್ಕೆ ದೊಡ್ಡ ವಹಿಗಳು ಬೇಡ. ದಿನದ ರೋಕಡ ಕಿರ್ದಿ, ಹೆಸರುವಾರು ಉದ್ರಿ ಖಾತೆ, ಖರೀದಿ ಬಿಲ್ಲುಗಳ ಒಂದು ಫೈಲು ಸಾಕು. ಫೋನಿನಲ್ಲಿ ಬಂದ ಹಣವನ್ನೂ ಅದೇ ದಿನ ಕಿರ್ದಿಗೆ ಹತ್ತಿಸಬೇಕು. ಮನೆಗೆ ಒಯ್ದ ಸೋಪಿಗೂ ಒಂದು ಸಾಲು ಬರೀರಿ. ಮನೆಯವರು ನಗ್ತಾರೆ, ನಗಲಿ.

ದೀಪಾವಳಿಗೆ ಪುಸ್ತಕದ ಪೂಜೆ ಆಗಲಿ, ಅದು ನಮ್ಮ ಪದ್ಧತಿ. ಆದರೆ ಆದಾಯ ತೆರಿಗೆಗೆ 1989ರಿಂದ ಎಲ್ಲರಿಗೂ ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ವರ್ಷವೇ ಲೆಕ್ಕ. ಹಾಗಾಗಿ ಮಾರ್ಚ್ 31ರ ರಾತ್ರಿ ಬಾಗಿಲು ಹಾಕಿದ ಮೇಲೆ ಮನೆಯವರೆಲ್ಲ ಕೂತು ದಾಸ್ತಾನು ಎಣಿಸಿರಿ. ಬೆಲೆಯನ್ನು ಕೊಂಡ ದರದಲ್ಲಿ ಹಾಕಿರಿ, ಮಾರುವ ದರದಲ್ಲಿ ಬೇಡ. ಹುಳ ಬಿದ್ದ ಬೇಳೆಗೆ, ಅವಧಿ ಮುಗಿದ ಬಿಸ್ಕತ್ತಿಗೆ ಬೆಲೆ ಹಾಕಬೇಡಿ.