ತಳ ಮುಟ್ಟಿದ ಹಗ್ಗ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನಲ್ಲಿ ವಾಲ್ಡನ್ ಕೊಳವಿದೆ. ಅದರ ಸುತ್ತಲಿನ ಕಾಲುದಾರಿ ಮೂರು ಕಿಲೋಮೀಟರ್‌ಗೂ ಕಡಿಮೆ. ಆರಾಮವಾಗಿ ನಡೆದರೂ ಒಂದು ಗಂಟೆಯಲ್ಲಿ ಹೊರಟ ಜಾಗಕ್ಕೇ ಬಂದು ಸೇರಬಹುದು.

ಹಿಮಯುಗದ ಕೊನೆಯಲ್ಲಿ ಮಣ್ಣಿನಡಿ ಹೂತಿದ್ದ ದೈತ್ಯ ಹಿಮಗಡ್ಡೆ ಕರಗಿ ಉಂಟಾದ ಕೊಳ ಇದು.

ಲೇಖಕ ಹೆನ್ರಿ ಡೇವಿಡ್ ಥೋರೋ 1845ರ ಜುಲೈ 4ರಂದು ಇದರ ದಡದ ಪುಟ್ಟ ಮನೆಗೆ ಬಂದರು. 10 ಅಡಿ ಅಗಲ, 15 ಅಡಿ ಉದ್ದ. ಕಟ್ಟಲು ತಗುಲಿದ್ದು 28 ಡಾಲರ್ ಚಿಲ್ಲರೆ. ಎರಡು ವರ್ಷ ಅಲ್ಲೇ ವಾಸ. ತೆರಿಗೆ ಕಟ್ಟಲೊಪ್ಪದೆ ಒಂದು ರಾತ್ರಿ ಜೈಲಿನಲ್ಲಿ ಕಳೆದದ್ದೂ ಆಗಲೇ. ಆ ಅನುಭವದಿಂದ ಹುಟ್ಟಿದ ಕಾನೂನುಭಂಗದ ಪ್ರಬಂಧವನ್ನು ಮುಂದೆ ಗಾಂಧೀಜಿ ಓದಿ ಮೆಚ್ಚಿದರು.

ಈ ಕೊಳಕ್ಕೆ ತಳವೇ ಇಲ್ಲ ಎಂದು ಜನ ನಂಬಿದ್ದರು. ಥೋರೋ ವಾದಕ್ಕೆ ಇಳಿಯಲಿಲ್ಲ. 1846ರ ಚಳಿಯಲ್ಲಿ ನೀರು ಹೆಪ್ಪುಗಟ್ಟಿದ್ದಾಗ, ಮಂಜುಗಡ್ಡೆ ಕೊರೆದು, ಮೀನುಗಾರರ ಹಗ್ಗಕ್ಕೆ ಒಂದೂವರೆ ಪೌಂಡಿನ ಕಲ್ಲು ಕಟ್ಟಿ ಇಳಿಬಿಟ್ಟರು. ಕಲ್ಲು ತಳ ಮುಟ್ಟಿತು. ಅತಿ ಹೆಚ್ಚಿನ ಆಳ 102 ಅಡಿ!

ಮನೆ ಈಗಿಲ್ಲ. ಅದರ ನೆಲೆಯನ್ನು 1945ರಲ್ಲಿ ಅಗೆದು ಪತ್ತೆಹಚ್ಚಿದರು. ಪಕ್ಕದಲ್ಲೇ, ನೋಡಬಂದವರು 1872ರಿಂದ ಒಂದೊಂದಾಗಿ ಇಟ್ಟ ಕಲ್ಲುಗಳ ರಾಶಿ.

ಇಂದು ಬೆಳಗ್ಗೆ ನಿಮ್ಮೂರ ಕೆರೆಗೂ ಒಂದು ಸುತ್ತು ಹಾಕಿ. ಅದನ್ನು ಕಟ್ಟಿಸಿದವರು ಯಾರು, ನೀರು ಎಲ್ಲಿಂದ ಬರುತ್ತದೆ, ಆಳವೆಷ್ಟು ಎಂದು ಹಿರಿಯರನ್ನು ಕೇಳಿ ನೋಡಿ.