ಕಹಿಬೇರಿನ ಹೂವೂ ಗೋಣಿಸೊಪ್ಪೂ



ಮಕ್ಕಳು ಎಂದೂ ಕಾಣದ ಗಿಡವೊಂದನ್ನು ಅವರ ಕಣ್ಣಿಗೆ ಕಟ್ಟುವಂತೆ ಹೇಳುವುದು ಹೇಗೆ? ಇದಕ್ಕೆ ಅಮೆರಿಕದ ರಾಕಿ ಪರ್ವತಸೀಮೆಯ ‘ಬಿಟರ್‌ರೂಟ್’ ಎಂಬ ಕಾಡುಹೂವನ್ನು ನಿದರ್ಶನವಾಗಿ ತೆಗೆದುಕೊಳ್ಳುತ್ತೇನೆ. ನಮ್ಮ ಅನುಕೂಲಕ್ಕೆ ಅದನ್ನು ಕಹಿಬೇರು ಎನ್ನೋಣ.

1806ರಲ್ಲಿ ಮೆರಿವೆದರ್ ಲೂಯಿಸ್ ಎಂಬ ಅನ್ವೇಷಕನು ಇದನ್ನು ಇಂದಿನ ಮಾಂಟಾನಾದಲ್ಲಿ ಕಿತ್ತು, ಒಣಗಿಸಿ ಕೊಂಡೊಯ್ದನು. ಬಹುಕಾಲ ಒಣಗಿದ್ದ ಆ ಬೇರನ್ನು ಫಿಲಡೆಲ್ಫಿಯಾದಲ್ಲಿ ನೆಟ್ಟಾಗ ಅದು ಚಿಗುರಿತು! 1814ರಲ್ಲಿ ಫ್ರೆಡರಿಕ್ ಪುರ್ಶ್ ಇದಕ್ಕೆ ‘ಲೂಯಿಸಿಯಾ ರೆಡಿವೈವಾ’ ಎಂದು ಹೆಸರಿಟ್ಟನು. ‘ರೆಡಿವೈವಾ’ ಎಂದರೆ ಮರಳಿ ಬದುಕಿದ್ದು. ಅದಕ್ಕೂ ಎಷ್ಟೋ ಮೊದಲಿನಿಂದ ಸೇಲಿಷ್ ಜನರು ವಸಂತದಲ್ಲಿ ಈ ಬೇರನ್ನು ಅಗೆದು, ಸಿಪ್ಪೆ ಸುಲಿದು, ಒಣಗಿಸಿಟ್ಟು ಉಣ್ಣುತ್ತಿದ್ದರು. ಶಾಸ್ತ್ರದ ಹೆಸರಿನಲ್ಲಿ ಮಾತ್ರ ಅವರಿಲ್ಲ.

ಈ ಗಿಡಕ್ಕೆ ಚಳಿಯ ಭಯವಿಲ್ಲ, ನಿಂತ ನೀರಿನ ಭಯ. ಮನೆತೋಟದಲ್ಲಿ ಬೆಳೆಸುವವರು ಮರಳು, ಗರಸುಗಳನ್ನು ಧಾರಾಳವಾಗಿ ಬೆರೆಸಿದ ಮಣ್ಣಿನಲ್ಲಿ ನೆಟ್ಟು, ಬುಡದ ಸುತ್ತ ಸಣ್ಣ ಜಲ್ಲಿಯನ್ನು ಹರಡುತ್ತಾರೆ. ಬೀಜವು ಚಳಿಯನ್ನುಂಡ ಬಳಿಕವೇ ಮೊಳೆಯುವುದರಿಂದ ಚಳಿಗಾಲಕ್ಕೆ ಮುನ್ನವೇ ಬಿತ್ತಿ ಕುಂಡವನ್ನು ಹೊರಗಿಡುತ್ತಾರೆ. ಹೂವರಳುವ ಹೊತ್ತಿಗೆ ದಪ್ಪನೆಯ ಎಲೆಗಳು ಬಾಡುತ್ತವೆ. ಬಳಿಕ ಗಿಡವು ಬೇಸಗೆಯುದ್ದಕ್ಕೂ ನಿದ್ರಿಸುತ್ತದೆ. ಸತ್ತಿತೆಂದು ಮರುಗಿ ನೀರೆರೆದರೆ ಬೇರು ಕೊಳೆಯುತ್ತದೆ. ನೀಲಗಿರಿಯಲ್ಲಿ ಚಳಿಯಿದೆಯಲ್ಲ ಎಂದು ಅಲ್ಲಿನ ಗೆಳೆಯರು ಕೇಳಿಯಾರು. ಚಳಿಯಿದೆ, ಆದರೆ ಅದರ ನಿದ್ರೆಯ ತಿಂಗಳುಗಳಲ್ಲೇ ಅಲ್ಲಿ ಮಳೆ ಹಿಡಿಯುತ್ತದೆ. ಆ ಸಾಹಸ ಬೇಡ.

ತರಗತಿಗೆ ಗೋಣಿಸೊಪ್ಪು ಸಾಕು. ಸಸ್ಯಶಾಸ್ತ್ರಜ್ಞರು ಬಹುಕಾಲ ಕಹಿಬೇರನ್ನು ಗೋಣಿಸೊಪ್ಪಿನ ಕುಟುಂಬದಲ್ಲಿಯೇ ಎಣಿಸಿದ್ದರು, ಬೇರ್ಪಡಿಸಿದ್ದು ಈಚೆಗೆ. ಗೋಣಿಸೊಪ್ಪಿನ ಎಲೆಯನ್ನು ಮಕ್ಕಳು ಹಿಸುಕಿ ನೋಡಲಿ, ಒಳಗಿನ ನೀರು ಬೆರಳಿಗೆ ತಗಲಲಿ. ಕಿತ್ತ ಒಂದು ಕಡ್ಡಿಯನ್ನು ಕಿಟಕಿಯಲ್ಲಿ ಎರಡು ಮೂರು ದಿನವಿಟ್ಟು, ಆಮೇಲೆ ಮಣ್ಣಿಗೆ ಊರಿಸಿ. ಅದು ಬೇರುಬಿಟ್ಟಾಗ ಲೂಯಿಸನ ಒಣಬೇರಿನ ಕಥೆಯನ್ನು ಹೇಳಿ. ಅದಕ್ಕಿಂತ ಮೊದಲು ಬೇಡ.

ಸೊಲ್ಲಾಪುರದ ಮಗು ಇದನ್ನು ‘ಘೋಳ್’ ಎಂದೀತು, ತಾಳವಾಡಿಯ ಮಗು ‘ಪರುಪ್ಪುಕ್ಕೀರೈ’ ಎಂದೀತು. ದಯವಿಟ್ಟು ತಿದ್ದಲು ಹೋಗಬೇಡಿ. ಮೊದಲ ಮಾತಿಗೇ ತಪ್ಪೆನಿಸಿಕೊಂಡ ಮಗು ಎರಡನೆಯ ಮಾತನ್ನು ಆಡುವುದಿಲ್ಲ. ಹಾಗೆಂದು ಕನ್ನಡದ ಹೆಸರನ್ನು ಬಿಟ್ಟುಬಿಟ್ಟರೆ, ಅದನ್ನು ಕೇಳಲು ಆ ಮಗುವಿಗೆ ನಮ್ಮ ತರಗತಿಯಲ್ಲದೆ ಬೇರೆ ಠಾವಿಲ್ಲದಿರಬಹುದು. ಕಪ್ಪುಹಲಗೆಯ ಮೇಲೆ ಮಗುವಿನ ಮಾತನ್ನು ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಗೋಣಿಸೊಪ್ಪು ಎಂದು ಬರೆಯಿರಿ. ಮನೆಯಲ್ಲಿ ಅಜ್ಜಿ ಇದನ್ನು ಏನೆನ್ನುತ್ತಾರೆಂದು ಕೇಳಿ ಬರಲು ಹೇಳಿ. ಮೂರನೆಯ ಹೆಸರಿಗೂ ಹಲಗೆಯಲ್ಲಿ ಜಾಗವಿರಲಿ.